ಎರಡು ಕೈ, ಒಂದು ನೋಟ

ಇಷ್ಟಲಿಂಗ ಪೂಜೆಗೆ ಕುಳಿತ ಭಕ್ತರ ಎರಡು ಕೈಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಎಡಗೈ ಪೀಠವಾಗಿ ನಿಲ್ಲುತ್ತದೆ. ಬಲಗೈ ನೀರೆರೆಯುತ್ತದೆ, ವಿಭೂತಿ ಇಡುತ್ತದೆ, ಬಿಲ್ವಪತ್ರೆಯನ್ನು ಏರಿಸುತ್ತದೆ. ಒಂದಕ್ಕೆ ಸ್ಥೈರ್ಯದ ಸೇವೆ, ಇನ್ನೊಂದಕ್ಕೆ ಚಲನೆಯ ಸೇವೆ. ಬಲಗೈಯಿಂದ ನೀರು ಬೀಳುವ ಹೊತ್ತಿಗೆ ಸರಿಯಾಗಿ ಎಡ ಅಂಗೈ ತುಸು ಕುಳಿಯಾಗುತ್ತದೆ. ಪತ್ರೆ ಬರುವಾಗ ಮತ್ತೆ ಸಮವಾಗುತ್ತದೆ. ಇವೆರಡರ ನಡುವೆ ದೃಷ್ಟಿಯು ಲಿಂಗದಲ್ಲಿ ನೆಟ್ಟಿರುತ್ತದೆ. ದೀಕ್ಷೆಯಾದ ದಿನದಿಂದ ನಿತ್ಯವೂ ನಡೆದುಬಂದ ಕ್ರಿಯೆಯಾದ್ದರಿಂದ, ಇದರಲ್ಲಿ ಶರೀರವು ಮಾಡುತ್ತಿರುವ ಸೂಕ್ಷ್ಮ ಕೆಲಸ ಎಷ್ಟೆಂಬುದು ನಮ್ಮ ಅರಿವಿಗೆ ಬರುವುದಿಲ್ಲ. ಅದು ಅರಿವಿಗೆ ಬರುವುದು ಒಂದು ಕೈ ಕೆಲಸ ನಿಲ್ಲಿಸಿದಾಗ.

ಚಾರ್ಮಾಡಿ ಘಾಟಿಯಲ್ಲಿ 30 ವರ್ಷ ಬಸ್ಸು ನಡೆಸಿ ನಿವೃತ್ತರಾದ ಹಿರಿಯ ಭಕ್ತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಒಂದು ದಿನ ನಸುಕಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯುತ್ತದೆ. ಸಕಾಲದ ಚಿಕಿತ್ಸೆಯಿಂದ ಜೀವ ಉಳಿಯುತ್ತದೆ, ಮಾತು ಉಳಿಯುತ್ತದೆ, ಕೋಲು ಹಿಡಿದು ನಡೆಯಲೂ ಬರುತ್ತದೆ. ಎಡಗೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತದೆ. ಮನೆಯವರು ಸ್ನಾನ ಮಾಡಿಸುತ್ತಾರೆ, ಉಣ್ಣಿಸುತ್ತಾರೆ, ಗುಂಡಿ ಹಾಕಿಕೊಡುತ್ತಾರೆ. ಆದರೆ ಅವರನ್ನು ಒಳಗೊಳಗೇ ಕಾಡುವ ಚಿಂತೆ ಬೇರೆ: ಅಂಗೈ ನಿಲ್ಲದಿದ್ದರೆ ಲಿಂಗವನ್ನು ಎಲ್ಲಿ ಬಿಜಯಂಗೈಸಲಿ? ಈ ಪ್ರಶ್ನೆಗೆ ಧಾರ್ಮಿಕವಾದ ಉತ್ತರವನ್ನು ಗುರುಗಳು ಕೊಡುತ್ತಾರೆ. ಶರೀರಶಾಸ್ತ್ರವು ಕೊಡಬಹುದಾದ ಉತ್ತರವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಆ ಉತ್ತರ ಬಹುಮಟ್ಟಿಗೆ ಅಡಗಿರುವುದು ಕೈಯಲ್ಲಲ್ಲ, ಕಣ್ಣಿನಲ್ಲಿ.

ಘಾಟಿಯ ತಿರುವು ಕಲಿಸುವ ಪಾಠ

ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಗ್ರಾಮದಿಂದ ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಕಡೆಗೆ ಏರುವ ಘಾಟಿಯು ರಾಷ್ಟ್ರೀಯ ಹೆದ್ದಾರಿ 73ರ ಒಂದು ಭಾಗ. ಮಹಾಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ಘಟ್ಟದ ಮೇಲಿನ ಭಕ್ತರಲ್ಲಿ ಅನೇಕರು ಇಳಿಯುವುದು ಈ ದಾರಿಯಲ್ಲೇ. ಇಲ್ಲಿ ವಾಹನ ನಡೆಸುವವರ ಕೈಗಳನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ತಿರುವು ಬಂದಾಗ ಒಂದು ಕೈ ಚಕ್ರವನ್ನು ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಮೇಲಕ್ಕೆ ನೂಕುತ್ತದೆ. ಎಳೆತ ಎಷ್ಟು, ನೂಕು ಎಷ್ಟು ಎಂದು ಚಾಲಕರು ಲೆಕ್ಕ ಹಾಕುವುದಿಲ್ಲ; ಕೈಗಳ ಕಡೆಗೆ ನೋಡುವುದೂ ಇಲ್ಲ. ಅವರ ನೋಟವಿರುವುದು ರಸ್ತೆಯ ಮೇಲೆ.

ಆ ನೋಟ ನಿಖರವಾಗಿ ಎಲ್ಲಿರುತ್ತದೆ ಎಂಬುದನ್ನು ಬ್ರಿಟನ್ನಿನ ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ ಎಂಬ ವಿಜ್ಞಾನಿಗಳು 1994ರಲ್ಲಿ ಅಳೆದು ತೋರಿಸಿದರು. ತಿರುವಿಗೆ ಒಂದೆರಡು ಸೆಕೆಂಡು ಮೊದಲೇ ಚಾಲಕರ ಕಣ್ಣು ರಸ್ತೆಯ ಒಳಅಂಚು ಬಾಗುವಂತೆ ಕಾಣುವ ಬಿಂದುವನ್ನು ಹುಡುಕಿ ಹಿಡಿಯುತ್ತದೆ. ಎರಡು ಕೈಗಳು ಆ ಬಿಂದುವನ್ನು ಅನುಸರಿಸಿ ಚಕ್ರವನ್ನು ತಿರುಗಿಸುತ್ತವೆ. ಕಣ್ಣು ಮುಂದೆ, ಕೈ ಹಿಂದೆ. ಮಳೆಗಾಲದಲ್ಲಿ ಘಾಟಿಗೆ ಮಂಜು ಕವಿದಾಗ ಅದೇ ಚಾಲಕರ ಅದೇ ಕೈಗಳು ತಡವರಿಸುವುದು ಏಕೆಂದು ಇದರಿಂದ ಸ್ಪಷ್ಟವಾಗುತ್ತದೆ. ಸ್ನಾಯುಗಳ ಬಲ ಕುಂದಿರುವುದಿಲ್ಲ. ಕೈಗಳನ್ನು ಮುನ್ನಡೆಸುತ್ತಿದ್ದ ಬಿಂದು ಕಣ್ಮರೆಯಾಗಿರುತ್ತದೆ. ಮಂಜಿನಲ್ಲಿ ವೇಗವನ್ನು ತಗ್ಗಿಸಬೇಕೆಂಬ ಎಚ್ಚರಿಕೆಯ ಹಿಂದೆ ಇರುವ ದೈಹಿಕ ಕಾರಣ ಇದೇ.

ನಾವು ಮಾಡಿದ ಕ್ರಿಯೆಯ ಫಲವನ್ನು ಕಣ್ಣು ಕಂಡು ಮಿದುಳಿಗೆ ಮರಳಿ ತಿಳಿಸುವುದನ್ನು ದೃಷ್ಟಿಯ ಹಿಮ್ಮಾಹಿತಿ ಎನ್ನಬಹುದು. ಎರಡು ಕೈಗಳು ಕೂಡಿ ನಡೆಯುವಲ್ಲಿ ಇದರ ಪಾತ್ರ ನಾವು ತಿಳಿದುದಕ್ಕಿಂತ ದೊಡ್ಡದು.

ಮನೆಯಲ್ಲೇ ಮಾಡಿ ನೋಡುವ ಪ್ರಯೋಗಗಳು

ಇದನ್ನು ಅರಿಯಲು ಯಂತ್ರಗಳು ಬೇಡ. ಎರಡು ಕೈಗಳನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ತೋರುಬೆರಳುಗಳನ್ನು ಮಾತ್ರ ಮುಂದಕ್ಕೆ ಚಾಚಿರಿ. ಎರಡನ್ನೂ ಒಟ್ಟಿಗೆ ಬಲಕ್ಕೆ, ಒಟ್ಟಿಗೆ ಎಡಕ್ಕೆ, ವಾಹನದ ಗಾಜು ಒರೆಸುವ ಕಡ್ಡಿಗಳಂತೆ ಆಡಿಸಿರಿ. ನಿಧಾನವಾಗಿ ಮಾಡುವಾಗ ಸುಲಭ. ವೇಗವನ್ನು ಹೆಚ್ಚಿಸುತ್ತ ಹೋಗಿರಿ. ಒಂದು ಹಂತದಲ್ಲಿ ನಿಮ್ಮ ಇಚ್ಛೆಯನ್ನು ಮೀರಿ ಬೆರಳುಗಳು ಜೋಡಣೆಯನ್ನು ಬದಲಿಸಿಕೊಂಡು, ಒಂದನ್ನೊಂದು ಕನ್ನಡಿಯಲ್ಲಿ ಕಂಡಂತೆ ಒಳಕ್ಕೂ ಹೊರಕ್ಕೂ ಆಡತೊಡಗುತ್ತವೆ. ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಸ್ಕಾಟ್ ಕೆಲ್ಸೊ 1984ರಲ್ಲಿ ಇದನ್ನು ಶಾಸ್ತ್ರೀಯವಾಗಿ ದಾಖಲಿಸಿದರು. ಕನ್ನಡಿಯಂಥ ಚಲನೆಯಿಂದ ಆರಂಭಿಸಿ ವೇಗ ಹೆಚ್ಚಿಸಿದರೆ ಇಂಥ ಬದಲಾವಣೆ ಆಗುವುದಿಲ್ಲ. ಎರಡು ಕೈಗಳಿಗೂ ಸಹಜವಾದ ನೆಲೆ ಅದೇ.

ಎರಡೂ ಕೈಗಳ ಒಂದೇ ಬಗೆಯ ಸ್ನಾಯುಗಳು ಒಟ್ಟಿಗೆ ಕೆಲಸ ಮಾಡಲು ಬಯಸುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಫ್ರಾಂಜ್ ಮೆಕ್ಸ್‌ನರ್ ಮತ್ತು ಸಂಗಡಿಗರು 2001ರಲ್ಲಿ ಈ ನಂಬಿಕೆಯನ್ನು ಪರೀಕ್ಷಿಸಿದರು. ಅವರ ಮೊದಲ ಪ್ರಯೋಗವನ್ನೂ ನೀವು ಮಾಡಬಹುದು. ಒಂದು ಅಂಗೈ ಮೇಲ್ಮುಖ, ಇನ್ನೊಂದು ಕೆಳಮುಖ ಇರಿಸಿ ಹಿಂದಿನಂತೆಯೇ ಬೆರಳಾಡಿಸಿರಿ. ಈಗ ಕನ್ನಡಿಯಂಥ ಚಲನೆಗೆ ಎರಡು ಕೈಗಳು ಬೇರೆಬೇರೆ ಸ್ನಾಯುಗಳನ್ನು ಬಳಸಬೇಕಾಗುತ್ತದೆ. ಆದರೂ ಬೆರಳುಗಳು ಸರಿಯುವುದು ಕನ್ನಡಿಯಂಥ ಚಲನೆಗೇ. ಅಂದರೆ ಅವು ಸ್ನಾಯುಗಳ ಹೋಲಿಕೆಯನ್ನಲ್ಲ, ರೂಪದ ಹೋಲಿಕೆಯನ್ನು ಅರಸುತ್ತವೆ.

ಅವರ ಇನ್ನೊಂದು ಪ್ರಯೋಗ ಮತ್ತಷ್ಟು ಬೆರಗಿನದು. ಮೇಜಿನ ಕೆಳಗೆ ಕಣ್ಣಿಗೆ ಕಾಣದಂತೆ ಎರಡು ಹಿಡಿಗಳು. ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಎರಡು ಬಾವುಟಗಳು. ಹಿಡಿ ತಿರುಗಿಸಿದರೆ ಬಾವುಟ ಸುತ್ತುತ್ತದೆ. ಆದರೆ ಒಂದು ಬದಿಯಲ್ಲಿ ಹಲ್ಲುಚಕ್ರಗಳನ್ನು ಜೋಡಿಸಿ, ಎರಡೂ ಬಾವುಟಗಳು ಸಮವಾಗಿ ಸುತ್ತಬೇಕಾದರೆ ಒಂದು ಕೈ 4 ಸುತ್ತು ಸುತ್ತುವಷ್ಟರಲ್ಲಿ ಇನ್ನೊಂದು ಕೈ 3 ಸುತ್ತು ಸುತ್ತಬೇಕು ಎಂಬಂತೆ ಮಾಡಲಾಗಿತ್ತು. 4ಕ್ಕೆ 3ರ ಈ ಲಯವನ್ನು ಬರಿಗೈಯಲ್ಲಿ ಸಾಧಿಸುವುದು ಸಾಮಾನ್ಯರಿಗೆ ಅಸಾಧ್ಯವೆಂದೇ ಹೇಳಬೇಕು. ಆದರೆ ಕೈಗಳನ್ನು ಮರೆತು ಬಾವುಟಗಳು ಸಮವಾಗಿ ಸುತ್ತುವಂತೆ ನೋಡಿಕೊಂಡ ಜನರು ಅದನ್ನು ಮಾಡಿದರು. ಕಣ್ಣಿಗೆ ಸರಳವಾದ ಒಂದು ಚಿತ್ರ ದೊರೆತಾಗ ಕೈಗಳು ಜಟಿಲವಾದ ಕೆಲಸವನ್ನೂ ಹೊಂದಿಸಿಕೊಂಡವು.

ಎಡಗೈ ಪೀಠ, ಬಲಗೈ ಸೇವಕ

ನಿತ್ಯಜೀವನದಲ್ಲಿ ಎರಡು ಕೈಗಳು ಒಂದೇ ಕೆಲಸವನ್ನು ಮಾಡುವುದು ಅಪರೂಪ. ಹಲಸಿನ ತೊಳೆ ಬಿಡಿಸುವಾಗ, ಸೂಜಿಗೆ ದಾರ ಪೋಣಿಸುವಾಗ, ರೊಟ್ಟಿ ತಟ್ಟುವಾಗ ಒಂದು ಕೈ ಆಧಾರ ಕೊಡುತ್ತದೆ, ಇನ್ನೊಂದು ಆ ಆಧಾರದ ಮೇಲೆ ಕೆಲಸ ಮಾಡುತ್ತದೆ. ಫ್ರಾನ್ಸಿನ ವಿಜ್ಞಾನಿ ಈವ್ ಗಿಯಾರ್ 1987ರಲ್ಲಿ ಈ ಶ್ರಮವಿಭಜನೆಯನ್ನು ವಿವರಿಸಿದರು. ಬರೆಯುವಾಗ ಬಲಗೈ ಲೇಖನಿ ನಡೆಸುತ್ತಿದೆಯೆಂದಷ್ಟೇ ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಎಡಗೈ ಕಾಗದವನ್ನು ಆಗಾಗ ಸರಿಸುತ್ತ, ಬಲಗೈಗೆ ಬೇಕಾದ ಸ್ಥಳವನ್ನು ಒದಗಿಸುತ್ತಿರುತ್ತದೆ. ಮೊದಲು ಚಲಿಸುವುದು ಎಡಗೈ. ಅದು ಹಾಕಿಕೊಟ್ಟ ಚೌಕಟ್ಟಿನೊಳಗೆ ಬಲಗೈ ಸೂಕ್ಷ್ಮ ಕೆಲಸ ಮಾಡುತ್ತದೆ.

ಪೂಜೆಯಲ್ಲಿ ನಡೆಯುವುದೂ ಇದೇ. ಎಡ ಅಂಗೈ ಸುಮ್ಮನಿರುವಂತೆ ಕಂಡರೂ ಸುಮ್ಮನಿರುವುದಿಲ್ಲ. ನಿಶ್ಚಲವಾಗಿ ನಿಲ್ಲುವುದು ಸ್ನಾಯುಗಳಿಗೆ ಬಿಡುವಿಲ್ಲದ ಕಾರ್ಯ. ಆದ್ದರಿಂದ ಎಡಗೈಗೆ ಲಕ್ವ ಹೊಡೆದಾಗ, ಬಲಗೈ ಗಟ್ಟಿಯಾಗಿದೆಯಲ್ಲ, ಸಾಕು ಎಂದು ಮನೆಯವರು ಸಮಾಧಾನ ಹೇಳುವುದು ಅರ್ಧ ಸತ್ಯ ಮಾತ್ರ. ಪೀಠ ಹೋದರೆ ಸೇವಕನ ಕೆಲಸವೂ ಕೆಡುತ್ತದೆ.

ಒಳಗಿನ ಅರಿವು, ಹೊರಗಿನ ನೋಟ

ಕಣ್ಣು ಮುಚ್ಚಿಕೊಂಡರೂ ನಮ್ಮ ಕೈ ಎಲ್ಲಿದೆಯೆಂದು ನಮಗೆ ತಿಳಿಯುತ್ತದೆ. ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿರುವ ನರತುದಿಗಳು ಆ ಸುದ್ದಿಯನ್ನು ಮಿದುಳಿಗೆ ಸದಾ ಕಳುಹಿಸುತ್ತವೆ. ಅಂಗಗಳ ಸ್ಥಾನವನ್ನು ತಿಳಿಸುವ ಈ ಒಳ ಅರಿವು ಮತ್ತು ಕಣ್ಣಿನ ನೋಟ ಎರಡೂ ಸೇರಿ ಕೈಗಳನ್ನು ನಡೆಸುತ್ತವೆ. ಒಂದು ಕುಗ್ಗಿದರೆ ಇನ್ನೊಂದರ ಮೇಲೆ ಹೊರೆ ಹೆಚ್ಚುತ್ತದೆ.

ಇದಕ್ಕೆ ವೈದ್ಯಕೀಯ ಗ್ರಂಥಗಳಲ್ಲಿ ಪ್ರಸಿದ್ಧವಾದ ಉದಾಹರಣೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅವರದು. 1971ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಜ್ವರದ ಅನಂತರ ಉಂಟಾದ ನರಹಾನಿಯಿಂದ ಅವರು ಕುತ್ತಿಗೆಯಿಂದ ಕೆಳಗೆ ಸ್ಪರ್ಶದ ಅರಿವನ್ನೂ ಅಂಗಸ್ಥಾನದ ಅರಿವನ್ನೂ ಸಂಪೂರ್ಣವಾಗಿ ಕಳೆದುಕೊಂಡರು. ಸ್ನಾಯುಗಳಲ್ಲಿ ಬಲವಿತ್ತು, ಆದರೆ ಕೈಯೆಲ್ಲಿದೆ, ಕಾಲೆಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಏಳಲೂ ಆಗಲಿಲ್ಲ. ಪ್ರತಿಯೊಂದು ಅಂಗವನ್ನೂ ಕಣ್ಣಿನಿಂದ ನೋಡುತ್ತ, ಪ್ರತಿಯೊಂದು ಚಲನೆಯನ್ನೂ ಮನಸ್ಸಿಟ್ಟು ಯೋಜಿಸುತ್ತ, ದೀರ್ಘ ಪರಿಶ್ರಮದಿಂದ ಕುಳಿತುಕೊಳ್ಳುವುದನ್ನು, ಉಣ್ಣುವುದನ್ನು, ನಡೆಯುವುದನ್ನು ಮತ್ತೆ ಕಲಿತರು. ಹಾಗೆ ಕಲಿತ ಮೇಲೂ ದೀಪ ಆರಿದರೆ ಕುಸಿದುಬೀಳುತ್ತಿದ್ದರು. ಕಣ್ಣು ಎಷ್ಟು ದೊಡ್ಡ ಆಸರೆಯೆಂಬುದೂ, ಕಣ್ಣನ್ನೊಂದೇ ನಂಬಿದ ಬದುಕು ಎಷ್ಟು ಕಠಿಣವೆಂಬುದೂ ಅವರ ಜೀವನದಿಂದ ತಿಳಿಯುತ್ತದೆ.

ನಮ್ಮ ಮನೆಗಳಿಗೆ ಹತ್ತಿರವಾದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಸಕ್ಕರೆ ಕಾಯಿಲೆ ಹಳೆಯದಾದಂತೆ ಕೈಕಾಲುಗಳ ನರಗಳು ಜೋಮುಗಟ್ಟುತ್ತವೆ. ಅದೇ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನೂ ಕೆಡಿಸುತ್ತದೆ. ಒಳ ಅರಿವು ಮಂದವಾದಾಗ ನೆರವಿಗೆ ಬರಬೇಕಾದ ಕಣ್ಣೇ ಮಂಜಾದರೆ ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಳ್ಳುವುದು, ಒಲೆಯ ಪಾತ್ರೆ ಕೈಜಾರುವುದು ಹೆಚ್ಚುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಚಾಳೀಸಿನ ಕನ್ನಡಕಕ್ಕೆ ಸಂಕೋಚಪಡಬಾರದು. ಪೊರೆ ಬೆಳೆದಿದ್ದರೆ ಮುಂದೂಡಬಾರದು.

ಕನ್ನಡಿ ಕೊಡುವ ನೆರವು

ಮಿದುಳಿನ ಬಲ ಅರೆಯು ಎಡಗೈಯನ್ನೂ ಎಡ ಅರೆಯು ಬಲಗೈಯನ್ನೂ ಮುಖ್ಯವಾಗಿ ನಡೆಸುತ್ತವೆ. ಎರಡು ಅರೆಗಳನ್ನು ಕಾರ್ಪಸ್ ಕಲೋಸಮ್ ಎಂಬ ನರತಂತುಗಳ ದಪ್ಪ ಪಟ್ಟಿ ಬೆಸೆದಿದೆ. ಒಂದು ಕೈಯಲ್ಲಿ ವೃತ್ತವನ್ನೂ ಇನ್ನೊಂದರಲ್ಲಿ ಚೌಕವನ್ನೂ ಏಕಕಾಲಕ್ಕೆ ಬರೆಯಲು ಹೋದರೆ ಎರಡೂ ಕೆಡುವುದಕ್ಕೆ ಈ ಬೆಸುಗೆಯೇ ಒಂದು ಮುಖ್ಯ ಕಾರಣ. ಪಾರ್ಶ್ವವಾಯುವಿನಲ್ಲಿ ಒಂದು ಅರೆಗೆ ಪೆಟ್ಟು ಬಿದ್ದಾಗ ಎದುರು ಬದಿಯ ಕೈ ಸೋಲುತ್ತದೆ. ರೋಗಿಯು ಅದನ್ನು ಬಳಸಲು ಯತ್ನಿಸುತ್ತಾನೆ, ಸೋಲುತ್ತಾನೆ, ಬಳಸುವುದನ್ನು ಬಿಡುತ್ತಾನೆ. ಒಂದಿಷ್ಟು ಚೇತರಿಕೆ ಬಂದ ಮೇಲೂ ಬಿಟ್ಟ ಅಭ್ಯಾಸ ಮರಳುವುದಿಲ್ಲ. ಕೈ ಕಲಿತಿರುವುದು ಸುಮ್ಮನಿರುವುದನ್ನು.

ಈ ಸೋಲಿನ ಸರಪಳಿಯನ್ನು ಮುರಿಯುವ ಒಂದು ಸರಳ ಉಪಾಯ ಕನ್ನಡಿ. ತಮಿಳುನಾಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡವರಲ್ಲಿ ಇಲ್ಲದ ಕೈ ನೋಯುವ ವಿಚಿತ್ರ ಬಾಧೆಗೆ ಕನ್ನಡಿಯ ಪೆಟ್ಟಿಗೆಯನ್ನು ಬಳಸಿದರು. ಡಯೇನ್ ರೋಜರ್ಸ್-ರಾಮಚಂದ್ರನ್ ಅವರೊಡನೆ ಬರೆದ ಅದರ ವಿವರ 1996ರಲ್ಲಿ ಪ್ರಕಟವಾಯಿತು. 1999ರಲ್ಲಿ ಎರಿಕ್ ಆಲ್ಟ್‌ಶುಲರ್ ಮತ್ತು ರಾಮಚಂದ್ರನ್ ಮೊದಲಾದವರು ಪಾರ್ಶ್ವವಾಯುವಿನ 9 ಮಂದಿ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅಲ್ಲಿಂದ ಈಚೆಗೆ ಪರೀಕ್ಷೆಗಳು ಬೆಳೆದವು. 2018ರಲ್ಲಿ ಕಾಕ್ರೇನ್ ಸಂಸ್ಥೆಯು 62 ಅಧ್ಯಯನಗಳನ್ನು, ಅವುಗಳಲ್ಲಿ ಸೇರಿದ್ದ 1982 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ರೂಢಿಯ ಚಿಕಿತ್ಸೆಯ ಜೊತೆಗೆ ಕನ್ನಡಿಯ ಅಭ್ಯಾಸವನ್ನು ಸೇರಿಸಿದಾಗ ಕೈಕಾಲುಗಳ ಚಲನೆಯೂ ನಿತ್ಯಕರ್ಮಗಳ ಸಾಮರ್ಥ್ಯವೂ ಸುಧಾರಿಸುತ್ತವೆ ಎಂಬುದು ಅದರ ನಿರ್ಣಯ. ಇದು ಪವಾಡವಲ್ಲ, ಪೂರ್ಣ ಸತ್ತ ಕೈಯನ್ನು ಎಬ್ಬಿಸುವ ಮಂತ್ರವೂ ಅಲ್ಲ. ಆದರೆ ಖರ್ಚಿಲ್ಲದ, ಮನೆಯಲ್ಲೇ ಮುಂದುವರಿಸಬಹುದಾದ, ಪರೀಕ್ಷೆಗೆ ನಿಂತ ಸಾಧನ.

ಅದರ ಕ್ರಮ ಹೀಗಿದೆ. ಮೊದಲ ಬಾರಿ ಫಿಸಿಯೋಥೆರಪಿ ತಜ್ಞರ ಸಮ್ಮುಖದಲ್ಲೇ ಆರಂಭಿಸಬೇಕು.

1. ಇಡೀ ಕೈ ಕಾಣುವಷ್ಟು ದೊಡ್ಡದಾದ, ಅಂಚಿಗೆ ಕಟ್ಟು ಇರುವ ಕನ್ನಡಿಯನ್ನು ಮೇಜಿನ ಮೇಲೆ ಎದೆಯ ನಡುಮಧ್ಯಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಬೇಕು. ಅದು ಬೀಳದಂತೆ ಭದ್ರವಾಗಿರಬೇಕು.

2. ಹೊಳೆಯುವ ಮುಖ ಗಟ್ಟಿ ಕೈಯ ಕಡೆಗಿರಲಿ. ಸೋತ ಕೈ ಕನ್ನಡಿಯ ಹಿಂದೆ ಮರೆಯಾಗಿರಲಿ. ಎಡಗೈ ಸೋತವರು ಬಲಗೈಯನ್ನು ಕನ್ನಡಿಯ ಮುಂದೆ ಇಡುತ್ತಾರೆ. ಆಗ ಕನ್ನಡಿಯಲ್ಲಿ ಕಾಣುವುದು ಎಡಗೈಯ ರೂಪ.

3. ಉಂಗುರ, ಗಡಿಯಾರ, ಬಳೆಗಳನ್ನು ತೆಗೆದಿಡಬೇಕು. ಎರಡು ಕೈಗಳು ಒಂದೇ ತೆರನಾಗಿ ಕಾಣದಿದ್ದರೆ ಮಿದುಳು ಆ ಬಿಂಬವನ್ನು ತನ್ನ ಕೈಯೆಂದು ಒಪ್ಪುವುದಿಲ್ಲ.

4. ಬಿಂಬವನ್ನು ನೋಡುತ್ತ ಗಟ್ಟಿ ಕೈಯಿಂದ ನಿಧಾನವಾಗಿ ಮುಷ್ಟಿ ಕಟ್ಟುವುದು, ಬಿಡುವುದು. ಮಣಿಕಟ್ಟನ್ನು ಎತ್ತುವುದು, ಇಳಿಸುವುದು. ಅಂಗೈಯನ್ನು ಮೇಲ್ಮುಖ, ಕೆಳಮುಖ ಮಾಡುವುದು. ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸುವುದು. ಮರೆಯಲ್ಲಿರುವ ಕೈಯಿಂದಲೂ ಅದೇ ಚಲನೆಯನ್ನು ಸಾಧ್ಯವಾದಷ್ಟು ಮಾಡಲು ಯತ್ನಿಸಬೇಕು. ಅದು ಕದಲದಿದ್ದರೂ ಯತ್ನ ಬಿಡಬಾರದು.

5. ದಿನಕ್ಕೆ 15ರಿಂದ 30 ನಿಮಿಷ, ವಾರಕ್ಕೆ 5 ದಿನ, ಕನಿಷ್ಠ 4 ವಾರ ಇದನ್ನು ನಡೆಸಬೇಕು. ತಲೆ ಸುತ್ತಿದರೆ, ವಾಕರಿಕೆ ಬಂದರೆ, ನೋವು ಹೆಚ್ಚಿದರೆ, ಮನಸ್ಸು ಕಲಕಿದರೆ ನಿಲ್ಲಿಸಿ ತಜ್ಞರಿಗೆ ತಿಳಿಸಬೇಕು.

ಕನ್ನಡಿಯು ಮಾಡುವ ಕೆಲಸ ಆ ಬಾವುಟಗಳು ಮಾಡಿದ ಕೆಲಸವೇ. ಎರಡು ಕೈಗಳು ಸಮವಾಗಿ ನಡೆಯುತ್ತಿರುವ ಚಿತ್ರವನ್ನು ಅದು ಕಣ್ಣಿಗೆ ಕೊಡುತ್ತದೆ. ಸೋಲನ್ನೇ ಕಂಡು ಬೇಸತ್ತ ಮಿದುಳಿಗೆ ಆ ಚಿತ್ರವು ದಾರಿಯನ್ನು ತೋರಿಸುತ್ತದೆ.

ಕಣ್ಣು ಗುರುವಾಗಲಿ, ಊರುಗೋಲಾಗದಿರಲಿ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಟಿಲಾ ಕೊವಾಕ್ಸ್, ಜಾನ್ ಬ್ಯುಕಾನನ್ ಮತ್ತು ಚಾರ್ಲ್ಸ್ ಶಿಯಾ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಕೈಗಳ ಚಲನೆಯನ್ನು ಕೂಡಿಸಿ ಪರದೆಯ ಮೇಲೆ ಒಂದೇ ಚುಕ್ಕೆಯಾಗಿ ತೋರಿಸಲಾಯಿತು. ಕೈಗಳು ಸರಿಯಾದ ಅಂತರದಲ್ಲಿ ಒಂದನ್ನೊಂದು ಹಿಂಬಾಲಿಸಿದರೆ ಆ ಚುಕ್ಕೆ ವೃತ್ತವನ್ನು ಬರೆಯುತ್ತಿತ್ತು. ದಿನಗಟ್ಟಲೆ ಅಭ್ಯಾಸ ಬೇಕೆಂದು ಎಣಿಸಿದ್ದ ಹೊಂದಾಣಿಕೆಯನ್ನು ಜನರು ಕೆಲವೇ ನಿಮಿಷಗಳಲ್ಲಿ ಸಾಧಿಸಿದರು. ಆದರೆ ಇಂಥ ಕಲಿಕೆಯಲ್ಲಿ ಪರದೆಯ ಚಿತ್ರವನ್ನು ಸದಾ ಕೊಟ್ಟು ಒಮ್ಮೆಲೇ ತೆಗೆದರೆ ಕೌಶಲ ಕುಸಿಯುವುದನ್ನೂ ಸಂಶೋಧಕರು ಕಂಡಿದ್ದಾರೆ. ಹೊರಗಿನ ಸೂಚನೆ ಅತಿಯಾದರೆ ಕಲಿಯುವವನು ಅದಕ್ಕೇ ಒರಗುತ್ತಾನೆ, ಒಳಗಿನ ಅರಿವು ಬೆಳೆಯುವುದಿಲ್ಲ ಎಂಬ ತತ್ತ್ವವನ್ನು ಚಲನಶಿಕ್ಷಣದ ತಜ್ಞರು 1984ರಲ್ಲೇ ಮಂಡಿಸಿದ್ದರು.

ಬೆಳ್ತಂಗಡಿ, ಬಂಟ್ವಾಳ ಕಡೆಯ ಮನೆಗಳಲ್ಲಿ ಹೂ ಕಟ್ಟುವ, ಬೀಡಿ ಕಟ್ಟುವ ತಾಯಂದಿರನ್ನು ನೋಡಿರಿ. ಹೊಸದಾಗಿ ಕಲಿಯುವ ಹುಡುಗಿಯ ಕಣ್ಣು ಬೆರಳು ಬಿಟ್ಟು ಅಲುಗುವುದಿಲ್ಲ. ಅವಳ ತಾಯಿಯ ಕಣ್ಣು ಅಂಗಳದಲ್ಲಿರುತ್ತದೆ, ಮಾತು ನೆರೆಯವರೊಡನೆ ಇರುತ್ತದೆ, ಎರಡು ಕೈಗಳು ಮಾತ್ರ ತಪ್ಪದೆ ನಡೆಯುತ್ತಿರುತ್ತವೆ. ಯಕ್ಷಗಾನದ ಮದ್ದಳೆಗಾರರ ನೋಟ ಕುಣಿಯುವ ವೇಷಧಾರಿಯ ಮೇಲಿರುತ್ತದೆಯೇ ಹೊರತು ಮದ್ದಳೆಯ ಮೇಲಲ್ಲ. ಕಣ್ಣು ಮೊದಲು ಕಲಿಸಿತು. ಕೈಗಳು ಕಲಿತ ಮೇಲೆ ಹಿಂದೆ ಸರಿಯಿತು. ಒಳ್ಳೆಯ ಗುರುವಿನ ರೀತಿಯೂ ಇದೇ ಅಲ್ಲವೇ? ಶಿಷ್ಯನ ಅರಿವೇ ಅವನಿಗೆ ಗುರುವಾಗುವವರೆಗೆ ಜೊತೆಗಿದ್ದು, ಆಮೇಲೆ ಅವನನ್ನು ಅವನ ಅರಿವಿಗೆ ಒಪ್ಪಿಸುವುದು.

ಆದ್ದರಿಂದ ಅಭ್ಯಾಸದಲ್ಲಿ ಒಂದು ಕ್ರಮವಿರಬೇಕು. ಮೊದಲ ವಾರಗಳಲ್ಲಿ ಕೈಗಳನ್ನು ನೋಡುತ್ತಲೇ ಮಾಡಬೇಕು. ಚಲನೆ ಹಿಡಿತಕ್ಕೆ ಬಂದಂತೆ, ಹತ್ತು ಬಾರಿ ನೋಡಿ ಮಾಡಿದ ಮೇಲೆ ಎರಡು ಬಾರಿ ಕಣ್ಣು ಮುಚ್ಚಿ ಮಾಡಬೇಕು. ಆಮೇಲೆ ಕಣ್ಣು ತೆರೆದು, ಕೈ ನಿಂತಿರುವ ಸ್ಥಾನ ಸರಿಯೇ ಎಂದು ನೋಡಿಕೊಳ್ಳಬೇಕು. ಚೂಪಾದ, ಬಿಸಿಯಾದ ವಸ್ತುಗಳೊಡನೆ ಇದನ್ನು ಮಾಡಕೂಡದು.

ಪೂಜೆಯ ಪೀಠಕ್ಕೆ ಮರಳುವ ದಾರಿ

ನಾವು ಕಲ್ಪಿಸಿಕೊಂಡ ಹಿರಿಯರ ಬಳಿಗೆ ಮರಳೋಣ. ಇಷ್ಟಲಿಂಗ ಪೂಜೆಯನ್ನು ಚಿಕಿತ್ಸೆಯೆಂದು ತಿಳಿಯಬಾರದು. ಅದರ ಉದ್ದೇಶ ಬೇರೆ, ಎತ್ತರ ಬೇರೆ. ಆದರೆ ಪೂಜೆಗೆ ಬೇಕಾದ ಕೈಯನ್ನು ಸಿದ್ಧಪಡಿಸಿಕೊಳ್ಳುವುದು ಭಕ್ತನ ಕರ್ತವ್ಯವೇ.

ಅಭ್ಯಾಸವನ್ನು ಲಿಂಗದಿಂದ ಆರಂಭಿಸದೆ ಒಂದು ನಿಂಬೆಹಣ್ಣಿನಿಂದ ಆರಂಭಿಸಬಹುದು. ಎಡ ಮೊಣಕೈಗೆ ದಿಂಬಿನ ಅಥವಾ ಸಣ್ಣ ಮಣೆಯ ಆಸರೆ ಕೊಟ್ಟು, ಅಂಗೈಯನ್ನು ಮೇಲ್ಮುಖವಾಗಿಸಿ, ನಿಂಬೆಹಣ್ಣನ್ನು ಅದರಲ್ಲಿಡಬೇಕು. ನೋಟ ಕೈಯ ಮೇಲಲ್ಲ, ಹಣ್ಣಿನ ಮೇಲಿರಲಿ. ಅದು ಉರುಳದಂತೆ ನೋಡಿಕೊಳ್ಳುವುದೇ ಗುರಿ. ಕೈಗಳು ಬಲ್ಲುದು ಗುರಿಯ ಭಾಷೆಯನ್ನು, ಸ್ನಾಯುಗಳ ಹೆಸರನ್ನಲ್ಲ. ಹಣ್ಣು ನಿಂತಮೇಲೆ ಬಲಗೈಯಿಂದ ಅದರ ಮೇಲೆ ಒಂದು ಎಲೆಯನ್ನು ಇಡಬೇಕು, ತೆಗೆಯಬೇಕು. ಆಮೇಲೆ ಒಂದು ಹನಿ ನೀರು. ಆಸರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗಬೇಕು. ಕೈ ಇನ್ನೂ ನಿಲ್ಲದ ದಿನಗಳಲ್ಲಿ ಮನೆಯವರು ತಮ್ಮ ಅಂಗೈಯನ್ನು ಅವರ ಅಂಗೈಯ ಕೆಳಗಿಟ್ಟು ಆಧಾರ ಕೊಡಬಹುದು. ಪೂಜೆಯ ವಿಧಾನದಲ್ಲಿ ಮಾಡಿಕೊಳ್ಳಬೇಕಾದ ಹೊಂದಾಣಿಕೆಯನ್ನು ಗುರುಗಳಲ್ಲಿ ಕೇಳಿ ತಿಳಿದುಕೊಳ್ಳಬೇಕು. ಮೌನವಾಗಿ ಪೂಜೆಯನ್ನು ಬಿಟ್ಟು ಕೊರಗಬಾರದು.

ಮನೆಯವರು ನೆನಪಿಡಬೇಕಾದ ಮಾತುಗಳು ಇನ್ನೂ ಕೆಲವಿವೆ. ಸೋತ ಕೈಯನ್ನು ಹೊದಿಕೆಯ ಕೆಳಗೆ ಮರೆಮಾಡಬೇಡಿ. ಅದು ಅವರ ಕಣ್ಣಿಗೆ ಸದಾ ಕಾಣುವಂತಿರಲಿ. ಎಡಗೈ ಸೋತವರಲ್ಲಿ ಕೆಲವರಿಗೆ ಎಡಬದಿಯ ಪ್ರಪಂಚವೇ ಲಕ್ಷ್ಯಕ್ಕೆ ಬಾರದ ತೊಂದರೆ ಇರುತ್ತದೆ: ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತದೆ, ಎಡಗೈ ಕುರ್ಚಿಯಿಂದ ಜೋತಾಡುತ್ತಿದ್ದರೂ ತಿಳಿಯುವುದಿಲ್ಲ. ಅದು ಹಟವಲ್ಲ, ರೋಗದ ಲಕ್ಷಣ. ಅಂಥವರಿಗೆ ಎಡಕ್ಕೆ ನೋಡುವಂತೆ ತಾಳ್ಮೆಯಿಂದ ನೆನಪಿಸಬೇಕು. ಬಲಗೈ ಒಂದರಿಂದಲೇ ಮುಗಿಯುವ ಕೆಲಸದಲ್ಲೂ ಎಡಗೈಗೆ ಒಂದು ಪಾಲು ಕೊಡಬೇಕು: ತಟ್ಟೆಯ ಅಂಚು ಒತ್ತಿಹಿಡಿಯುವುದು, ಪುಸ್ತಕ ಸರಿಯದಂತೆ ಕೈಯೂರುವುದು, ಸಜ್ಜಿಕೆಯನ್ನು ಹಿಡಿಯುವುದು. ಪೂಜೆಯ ಮನೆಯಲ್ಲೂ ಅಡುಗೆಯ ಮನೆಯಲ್ಲೂ ಸಾಕಷ್ಟು ಬೆಳಕಿರಲಿ. ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ವಾಹನದ ಚಕ್ರವನ್ನು ಮುಟ್ಟಕೂಡದು. ಘಾಟಿಯನ್ನು ಎಷ್ಟು ವರ್ಷ ಬಲ್ಲವರಾದರೂ ಸರಿ.

ಹೊತ್ತು ಮೀರಬಾರದು

ಇಷ್ಟೆಲ್ಲ ಅಭ್ಯಾಸಕ್ಕೆ ಅವಕಾಶ ಉಳಿಯುವುದು ಮೊದಲ ಗಂಟೆಗಳಲ್ಲಿ ಎಚ್ಚರ ವಹಿಸಿದರೆ. ಮುಖ ಒಂದು ಬದಿಗೆ ಸೊಟ್ಟಗಾಗುವುದು, ಎರಡು ಕೈಗಳನ್ನು ಎತ್ತಿ ಹಿಡಿದಾಗ ಒಂದು ಇಳಿದುಬೀಳುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಅಥವಾ ತೋಲ ತಪ್ಪುವುದು ಪಾರ್ಶ್ವವಾಯುವಿನ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಎಣ್ಣೆ ತಿಕ್ಕುತ್ತ, ಬೆಳಗಾಗಲಿ ಎಂದು ಕಾಯುತ್ತ ಕೂರಬಾರದು. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ತೋರಿದ 4.5 ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ಘಟ್ಟದ ಮೇಲಿನ ಊರುಗಳಿಂದ, ಒಳಗಿನ ತೋಟದ ಮನೆಗಳಿಂದ ದೊಡ್ಡ ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತನ್ನು ಇದರಲ್ಲೇ ಕಳೆಯಬೇಕೆಂಬುದನ್ನು ಮರೆಯಬಾರದು. ತಡಮಾಡದೆ 108ಕ್ಕೆ ಕರೆ ಮಾಡಿರಿ. ಲಕ್ಷಣ ಮೊದಲು ಕಂಡ ಸಮಯವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿರಿ. ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿ ಇಟ್ಟುಕೊಂಡು, ತಂಬಾಕನ್ನು ತ್ಯಜಿಸಿದರೆ ಈ ಆಪತ್ತಿನ ಸಂಭವವೇ ಬಹಳ ಕಡಿಮೆಯಾಗುತ್ತದೆ.

ಎರಡು ಕೈಗಳು ಒಂದಾಗುವುದು ಬಲದಿಂದಲ್ಲ. ಕಣ್ಣಿನ ಮುಂದೆ ಒಂದೇ ಗುರಿ ನಿಂತಾಗ. ಘಾಟಿಯ ತಿರುವಿನಲ್ಲಿ ಆ ಗುರಿ ರಸ್ತೆಯ ಒಳಅಂಚು; ಪ್ರಯೋಗಶಾಲೆಯಲ್ಲಿ ಅದು ಸುತ್ತುವ ಬಾವುಟ; ರೋಗಿಯ ಮೇಜಿನ ಮೇಲೆ ಕನ್ನಡಿಯ ಬಿಂಬ. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಕರಸ್ಥಲದಲ್ಲಿ ದೃಷ್ಟಿ ನಿಲ್ಲಿಸುವ ಅಭ್ಯಾಸ ಹೊಸದಲ್ಲ. ಅದೇ ಏಕಾಗ್ರತೆಯನ್ನು ಸೋತ ಕೈಯ ಶುಶ್ರೂಷೆಗೂ ತರೋಣ. ನಡುಗುವ ಅಂಗೈಯಾದರೂ ಚಾಚಿದ ಅಂಗೈ ಅದು. ಅದು ಮತ್ತೆ ಪೀಠವಾಗುವ ದಿನದವರೆಗೆ ಕೆಳಗೊಂದು ಕೈ ಹಿಡಿದು ನಿಲ್ಲುವುದು ಮನೆಯವರೆಲ್ಲರ ದಾಸೋಹ.